ಲಗ್ನಪತ್ರಿಕೆಯ ಕರಡು ತಿದ್ದುವ ಬಗೆ

ಕರಡು ವಾಟ್ಸಾಪ್‌ಗೆ ಬಂದ ಕೂಡಲೇ ಮನೆಮಂದಿಯೆಲ್ಲ ತಂತಮ್ಮ ಹೆಸರನ್ನಷ್ಟೇ ಹುಡುಕಿ ನೋಡಿ ‘ಓಕೆ’ ಎಂದುಬಿಡುತ್ತಾರೆ. ಹತ್ತು ಜನ ಓಕೆ ಅಂದ ಕರಡನ್ನು ಯಾರೂ ಓದಿಲ್ಲವೆಂದೇ ಲೆಕ್ಕ. ತಿದ್ದುವ ಹೊಣೆ ಇಬ್ಬರಿಗೆ ಮಾತ್ರ ಇರಲಿ. ಕರಡನ್ನು ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿ. ಒಬ್ಬರು ನೀವು ಬರೆದುಕೊಟ್ಟ ಮೂಲವನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ನೋಡುತ್ತ ಹೋಗಲಿ. ಎರಡನೇ ಸುತ್ತು ಕೊನೆಯ ಸಾಲಿನಿಂದ ಮೇಲಕ್ಕೆ. ಮೇಲಿನಿಂದ ಓದಿದರೆ ಇಲ್ಲದ ಅಕ್ಷರವನ್ನೂ ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ವಧೂವರರ ಹೆಸರನ್ನು ಪ್ರತ್ಯೇಕವಾಗಿ ನೋಡಿ. ಇಷ್ಟು ದಪ್ಪಕ್ಷರದಲ್ಲಿ ತಪ್ಪಿರುತ್ತದೆಯೇ ಎಂದು ಎಲ್ಲರೂ ದಾಟಿಹೋಗುವುದು ಅಲ್ಲೇ.

ನೀವು ಕಳಿಸಿದ ಯೂನಿಕೋಡ್ ಅಕ್ಷರಗಳನ್ನು ಪುಟ ಜೋಡಿಸುವ ಡಿಟಿಪಿಯವರು ಹಳೆಯ ಫಾಂಟಿಗೆ ಬದಲಿಸಿದರೆ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುವುದುಂಟು. ‘ಸುಮುಹೂರ್ತ’, ‘ಆಶೀರ್ವಾದ’ ಇವೆರಡರಲ್ಲಿ ಮೊದಲು ಹುಡುಕಿ.

ಹೆಚ್ಚು ಪೆಟ್ಟು ಕೊಡುವುದು ದಿನಾಂಕ. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಕ್ಯಾಲೆಂಡರಿನದು ಮಧ್ಯರಾತ್ರಿಗೆ. ಬೆಳಗಿನ ಜಾವ 4-30ರ ಮುಹೂರ್ತವನ್ನು ಪುರೋಹಿತರು ಬುಧವಾರ ಎಂದು ಬರೆದುಕೊಟ್ಟರೆ ಕ್ಯಾಲೆಂಡರಿನಲ್ಲಿ ಅದು ಗುರುವಾರ. ಪತ್ರಿಕೆಯಲ್ಲಿ ‘ಬುಧವಾರ ರಾತ್ರಿ ಕಳೆದು ಗುರುವಾರ ಬೆಳಗಿನ ಜಾವ’ ಎಂದೇ ಹಾಕಿಸಿ. ಸಂವತ್ಸರವನ್ನೂ ನೋಡಿ: 2026ರ ಯುಗಾದಿಗೆ ವಿಶ್ವಾವಸು ಮುಗಿದು ಪರಾಭವ ಶುರು, ಹಳೆಯ ಮಾದರಿಯಲ್ಲಿ ಹಿಂದಿನದೇ ಕೂತಿರುತ್ತದೆ. ಮದುವೆ ಪತ್ರಿಕೆಯಲ್ಲಿ ಪರಾಭವವೇ ಎಂದು ಯಾರಾದರೂ ಮುಖ ಸಿಂಡರಿಸಿದರೆ ಆ ಸಾಲನ್ನೇ ಬಿಡಿ. ಪಂಚಾಂಗ ತಿದ್ದಲು ಹೋಗಬೇಡಿ.

ಕೆಳಗಿನ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಕಾಗುಣಿತ ತಪ್ಪಿದರೆ ಜನ ನಕ್ಕು ಸುಮ್ಮನಾಗುತ್ತಾರೆ, ಸರದಿ ತಪ್ಪಿದರೆ ಮಾತು ಬಿಡುತ್ತಾರೆ. ವಯಸ್ಸಿನ ಪ್ರಕಾರ ಹಾಕಿ, ಹುದ್ದೆಯ ಪ್ರಕಾರ ಬೇಡ. ಸೋದರಮಾವಂದಿರಲ್ಲಿ ಒಬ್ಬರ ಹೆಸರಿದ್ದರೆ ಎಲ್ಲರದೂ ಇರಬೇಕು; ಜಾಗವಿಲ್ಲದಿದ್ದರೆ ಯಾರದೂ ಬೇಡ, ‘ಬಂಧುಮಿತ್ರರು’ ಸಾಕು. ಇನಿಷಿಯಲ್ ಸಮೇತ ಹೆಸರುಗಳನ್ನು ಆಯಾ ಮನೆಯವರಿಂದಲೇ ಬರೆಸಿಕೊಳ್ಳಿ.

ಫೋನ್ ನಂಬರನ್ನು ಕಣ್ಣಿನಲ್ಲಿ ತಾಳೆ ನೋಡಿದರೆ ಸಾಲದು, ಕರಡು ನೋಡಿ ಡಯಲ್ ಮಾಡಿ. ಮಂಟಪದ ದಾರಿ ತೋರಿಸುವ ಕ್ಯೂಆರ್ ಕೋಡನ್ನು ಕಾಗದದ ಮೇಲಿನಿಂದಲೇ ಸ್ಕ್ಯಾನ್ ಮಾಡಿ, ನಿಮ್ಮ ಮಂಟಪಕ್ಕೇ ಒಯ್ಯುತ್ತದೆಯೇ ನೋಡಿ. ಒಂದೇ ದೇವರ ಹೆಸರಿನ ಕಲ್ಯಾಣಮಂಟಪಗಳು ಊರಲ್ಲಿ ನಾಲ್ಕಿರುತ್ತವೆ. ಒಂದು ಕಡೆ ತಿದ್ದುವಾಗ ಪಕ್ಕದ ಪದ ಕೆಡುವುದು ಸಾಮಾನ್ಯ, ಹಾಗಾಗಿ ತಿದ್ದಿ ಬಂದ ಮೇಲೆ ಇಡೀ ಪುಟ ಮತ್ತೆ ಓದಿ, ಆಮೇಲೇ ಸಹಿ.

ಅಚ್ಚಾದ ಮೇಲೆ ಸಮಯ ಅಥವಾ ಸ್ಥಳ ತಪ್ಪಿರುವುದು ಕಂಡರೆ ಅದೇ ಬಣ್ಣದ ಸ್ಟಿಕ್ಕರ್ ನಡೆಯುತ್ತದೆ. ಹಳೆಯ ಮಾದರಿಯಿಂದ ಉಳಿದ ‘ದಿ||’ ಬದುಕಿರುವ ಅಜ್ಜನ ಹೆಸರಿನ ಹಿಂದೆ ಕೂತಿದ್ದರೆ ಮಾತ್ರ ಖರ್ಚು ನೋಡದೆ ಮತ್ತೆ ಅಚ್ಚು ಹಾಕಿಸಿ. ಸ್ಟಿಕ್ಕರ್ ಹಚ್ಚಿದಿರೋ, ಅಡಿಯಲ್ಲಿ ಏನಿತ್ತೆಂದು ಪ್ರತಿ ಮನೆಯಲ್ಲೂ ಉಗುರಿನಿಂದ ಕೆರೆದು ನೋಡುತ್ತಾರೆ.