ಎಂಟು ಮೇಜಿನ ಕಚೇರಿಗೆ ಇಂಟರ್‌ಕಾಮ್: ತಂತಿ ಮೊದಲು, ಡಬ್ಬಿ ಆಮೇಲೆ

ಎರಡು ಲೈನು, ಎಂಟು ಮೇಜು. ಆಡಿಟರ್ ಕಚೇರಿ, ಹಲ್ಲಿನ ಕ್ಲಿನಿಕ್, ಸಗಟು ಔಷಧ ಅಂಗಡಿ, ಮುದ್ರಣಾಲಯ, ಹೀಗೆ ನಮ್ಮ ಊರುಗಳ ಬಹುಪಾಲು ಸಣ್ಣ ಕಚೇರಿಗಳ ಅಳತೆ ಇಷ್ಟೇ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇಂಟರ್‌ಕಾಮ್ ಏಕೆ? ಬಿಲ್ ಪುಸ್ತಕದ ಮೇಲೆ ಅಚ್ಚಾದ ನಂಬರು ಕಚೇರಿಯದಾಗಿಯೇ ಉಳಿಯಲಿ ಎಂದು. ಗ್ರಾಹಕರು ಗುಮಾಸ್ತನ ಮೊಬೈಲಿಗೆ ಒಗ್ಗಿಹೋದರೆ, ಅವನು ಕೆಲಸ ಬಿಟ್ಟ ದಿನ ಅವರೂ ಅವನ ಹಿಂದೆಯೇ ಹೋಗುತ್ತಾರೆ.

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಹೊರಗಿನಿಂದ ಕರೆ ಬಂದರೆ ಮೊದಲು ಯಾರ ಮೇಜಿನಲ್ಲಿ ರಿಂಗ್ ಆಗಬೇಕು? ಅವರು ಎತ್ತದಿದ್ದರೆ ಎಷ್ಟು ರಿಂಗ್ ಆದ ಮೇಲೆ ಯಾರಿಗೆ ಹೋಗಬೇಕು? ಮಧ್ಯಾಹ್ನ ಊಟದ ಹೊತ್ತಿಗೆ? ಸಂಜೆ ಬಾಗಿಲು ಹಾಕಿದ ಮೇಲೆ? ಈ ನಾಲ್ಕಕ್ಕೆ ಉತ್ತರ ಬರೆದಿಟ್ಟರೆ ಮುಂದಿನ ಅರ್ಧ ಕೆಲಸ ಮುಗಿದಂತೆ. ಇದನ್ನು ನೀವು ಬರೆಯದಿದ್ದರೆ ಡಬ್ಬಿ ಕೂರಿಸಲು ಬಂದ ಹುಡುಗ ತನಗೆ ತೋಚಿದಂತೆ ಹಾಕಿ ಹೋಗುತ್ತಾನೆ.

ಎಷ್ಟು ದೊಡ್ಡ ಡಬ್ಬಿ?

ಇಪಿಎಬಿಎಕ್ಸ್, ಅಂದರೆ ಹೊರಗಿನ ಲೈನುಗಳನ್ನು ಮೇಜುಗಳ ಫೋನುಗಳಿಗೆ ಹಂಚುವ ಇಂಟರ್‌ಕಾಮ್ ಡಬ್ಬಿಗಳನ್ನು ಮಾರುವವರು 2+8, 3+8, 4+16 ಎಂದು ಅಳೆಯುತ್ತಾರೆ. ಮೊದಲ ಅಂಕಿ ಹೊರಗಿನಿಂದ ಬರುವ ಟ್ರಂಕ್ ಲೈನು, ಎರಡನೆಯದು ಒಳಗಿನ ಎಕ್ಸ್‌ಟೆನ್ಷನ್. ಎಂಟು ಮೇಜಿಗೆ ಸರಿಯಾಗಿ ಎಂಟೇ ಎಕ್ಸ್‌ಟೆನ್ಷನ್ ಇರುವ ಡಬ್ಬಿ ತರಬೇಡಿ. ವರ್ಷ ತಿರುಗುವುದರೊಳಗೆ ಗೋದಾಮಿಗೊಂದು, ಗೇಟಿಗೊಂದು ಬೇಕೆಂದಾಗುತ್ತದೆ, ಜೊತೆಗೆ ಒಂದು ಪೋರ್ಟ್ ಸಿಡಿಲಿಗೆ ಸುಟ್ಟಿರುತ್ತದೆ. ಕಾರ್ಡ್ ಹಾಕಿ ಬೆಳೆಸಬಹುದಾದ ಡಬ್ಬಿಯೇ ವಾಸಿ. ಹೊರಗಿನ ಲೈನು ಎಂಟು ಜನಕ್ಕೆ ಎರಡು ಸಾಕು. ‘ಯಾವಾಗ ಮಾಡಿದರೂ ಎಂಗೇಜ್’ ಎಂದು ಗ್ರಾಹಕರು ದೂರಲು ಶುರುಮಾಡಿದಾಗ ಮೂರನೆಯದನ್ನು ತೆಗೆದುಕೊಳ್ಳಿ.

ಈಗ ಲ್ಯಾಂಡ್‌ಲೈನ್ ಎಂದರೆ ಹೆಚ್ಚಿನ ಕಡೆ ಫೈಬರ್. ಕಂಬದಿಂದ ಬಂದ ಫೈಬರ್ ಓಎನ್‌ಟಿ ಎಂಬ ಫೈಬರ್ ಮೋಡೆಮ್ ಪೆಟ್ಟಿಗೆಗೆ ಸೇರುತ್ತದೆ, ಅದರ ಹಿಂಬದಿಯ ಫೋನ್ ಪೋರ್ಟ್‌ನಿಂದ ಒಂದು ಮಾಮೂಲಿ ಫೋನ್ ವೈರು ತಂದು ಇಂಟರ್‌ಕಾಮ್‌ನ ಟ್ರಂಕ್ ಪೋರ್ಟ್‌ಗೆ ಸಿಕ್ಕಿಸಿದರೆ ಆಯಿತು, ಮಧ್ಯದಲ್ಲಿ ಬೇರೇನೂ ಬೇಡ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜ್‌ನಿಂದಲೇ ವಿದ್ಯುತ್ ಬರುತ್ತಿತ್ತು, ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಓಎನ್‌ಟಿ ಹಾಗಲ್ಲ, ಕರೆಂಟ್ ಹೋದ ಕ್ಷಣವೇ ಲೈನು ಸತ್ತಂತೆ. ಆದ್ದರಿಂದ ಇಂಟರ್‌ಕಾಮ್ ಮತ್ತು ಓಎನ್‌ಟಿ ಎರಡಕ್ಕೂ ಸೇರಿ ಒಂದು ಚಿಕ್ಕ ಯುಪಿಎಸ್ ಬೇಕು. ಎರಡೂ ಸೇರಿ 40 ವ್ಯಾಟ್ ಆಸುಪಾಸು ಎಳೆಯುತ್ತವೆ. 12 ವೋಲ್ಟ್ 7 ಎಎಚ್ ಬ್ಯಾಟರಿಯ 600 ವಿಎ ಯುಪಿಎಸ್ ಹೊಸದಿದ್ದಾಗ ಸುಮಾರು ಒಂದು ಗಂಟೆ ತಳ್ಳುತ್ತದೆ. ಅದೇ ಯುಪಿಎಸ್‌ಗೆ ಕಂಪ್ಯೂಟರ್ ಸಿಕ್ಕಿಸಿದರೆ ಹತ್ತು ನಿಮಿಷವೂ ಅನುಮಾನ.

ಲ್ಯಾಂಡ್‌ಲೈನ್ ಸಿಗದ ಕಡೆ ಸಿಮ್ ಹಾಕಿದರೆ ಲ್ಯಾಂಡ್‌ಲೈನಿನಂತೆ ಲೈನು ಕೊಡುವ ಎಫ್‌ಸಿಟಿ ಡಬ್ಬಿ ಇದೆ. ಅಗ್ಗಕ್ಕೆ ಸಿಗುವ ಹಳೆಯವು 2ಜಿ ಮಾತ್ರ ತಿಳಿದವು. ಜಿಯೋ ಸಿಮ್ 2ಜಿಯಲ್ಲಿ ನಡೆಯುವುದೇ ಇಲ್ಲ, ಹಾಗಾಗಿ 4ಜಿಯಲ್ಲೇ ಮಾತು ಸಾಗಿಸುವ ವಿಓಎಲ್‌ಟಿಇ ಇರುವುದನ್ನೇ ಕೇಳಿ. ಅದರ ಆಂಟೆನಾ ಇಂಟರ್‌ಕಾಮ್ ಡಬ್ಬಿಯಿಂದ ಒಂದೆರಡು ಮೀಟರ್ ದೂರವಿರಲಿ. ಹತ್ತಿರವಿದ್ದರೆ ಮಾತಿನ ನಡುವೆ ಕಟಕಟ ಸದ್ದು ನುಸುಳುತ್ತದೆ.

ತಂತಿ: ಇಲ್ಲಿ ಕಂಜೂಸಿ ಬೇಡ

ಇಂಟರ್‌ಕಾಮ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಡಬ್ಬಿಯ ತಪ್ಪು ಕಡಿಮೆ, ತಂತಿಯ ತಪ್ಪೇ ಹೆಚ್ಚು. ನಿಯಮ ಒಂದೇ: ಪ್ರತಿ ಮೇಜಿಗೂ ಡಬ್ಬಿಯಿಂದ ಬೇರೆಯೇ ಜೋಡಿ ತಂತಿ, ನಡುವೆ ಗಂಟಿಲ್ಲದೆ. ಒಂದು ಮೇಜಿನಿಂದ ಇನ್ನೊಂದಕ್ಕೆ ದಾರದಲ್ಲಿ ಹೂ ಪೋಣಿಸಿದಂತೆ ಎಳೆದರೆ ಎರಡೂ ಫೋನು ಒಂದೇ ನಂಬರಿಗೆ ರಿಂಗ್ ಆಗುತ್ತವೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತದೆ.

0.5 ಮಿ.ಮೀ. ತಾಮ್ರದ ಎರಡು ಜೋಡಿ ಕೇಬಲ್ ಎಳೆಯಿರಿ, ಒಂದು ಜೋಡಿ ಕೆಲಸಕ್ಕೆ, ಇನ್ನೊಂದು ಆಪತ್ತಿಗೆ. ಗೋಡೆ ಹೊಸದಾಗಿ ಕೊರೆಸುತ್ತಿದ್ದರೆ ಕ್ಯಾಟ್-6 ಕೇಬಲ್ಲನ್ನೇ ಹಾಕಿಸಿ. ಇವತ್ತು ಅದರ ನೀಲಿ ಜೋಡಿಯಲ್ಲಿ ಸಾದಾ ಫೋನು, ನಾಳೆ ಅದೇ ಕೇಬಲ್ಲಿನಲ್ಲಿ ಇಂಟರ್ನೆಟ್ ಜಾಲದ ಮೂಲಕ ಮಾತಾಡುವ ಐಪಿ ಫೋನು. ಕೂಲಿ ಎರಡಕ್ಕೂ ಅಷ್ಟೇ.

ದೂರದ ಮೇಜಿನಲ್ಲಿ ಧ್ವನಿ ಕ್ಷೀಣ ಎಂದರೆ ‘ಕೇಬಲ್ ಉದ್ದವಾಯಿತು ಸಾರ್’ ಎನ್ನುವವರುಂಟು. ನಂಬಬೇಡಿ. 0.5 ಮಿ.ಮೀ. ಜೋಡಿಯ ರೋಧ ಹೋಗಿಬರುವ ದಾರಿ ಸೇರಿ ಕಿಲೋಮೀಟರಿಗೆ ಸುಮಾರು 176 ಓಮ್. ನಲವತ್ತು ಮೀಟರಿಗೆ ಅದು ಏಳು ಓಮ್, ಲೆಕ್ಕಕ್ಕೇ ಇಲ್ಲ. ಮೂಲೆಯಲ್ಲೆಲ್ಲೋ ತಂತಿ ಹೊಸೆದು ಟೇಪ್ ಸುತ್ತಿದ ಗಂಟು ಇರುತ್ತದೆ, ಹುಡುಕಿ. ಮಳೆಗಾಲದ ತೇವಕ್ಕೆ ಆ ತಾಮ್ರ ಹಸಿರುಗಟ್ಟಿ ಖರಖರ ಶುರುವಾಗುತ್ತದೆ. ಬೇಸಿಗೆಯಲ್ಲಿ ತಾನಾಗಿಯೇ ‘ಸರಿಹೋಗಿ’ ಎಲ್ಲರನ್ನೂ ಯಾಮಾರಿಸುವುದೂ ಇದೇ ಗಂಟು.

ಕರೆಂಟ್ ವೈರಿನ ಜೊತೆ ಒಂದೇ ಕೇಸಿಂಗ್‌ನಲ್ಲಿ ಫೋನ್ ವೈರು ಹೋಗಬಾರದು. ಅಕ್ಕಪಕ್ಕ ಸಾಗಬೇಕಾದರೆ ಒಂದಡಿ ಅಂತರ, ದಾಟಬೇಕಾದರೆ ಅಡ್ಡಲಾಗಿ ದಾಟಿಸಿ. ಇಲ್ಲದಿದ್ದರೆ ದುಂಬಿ ಗುಂಯ್‌ಗುಟ್ಟಿದಂಥ ಸದ್ದು ತಪ್ಪದು.

ಎಲ್ಲ ತಂತಿಗಳೂ ಒಂದು ಕಡೆ ಕ್ರೋನ್ ಪಟ್ಟಿಗೆ, ಅಂದರೆ ತಂತಿ ಒತ್ತಿ ಕೂರಿಸುವ ಸೀಳುಗಳಿರುವ ಪಟ್ಟಿಗೆ, ಬಂದು ಸೇರಲಿ. ಹತ್ತು ಜೋಡಿಯ ಎರಡು ಪಟ್ಟಿ ಸಾಕು: ಒಂದರಲ್ಲಿ ಡಬ್ಬಿಯಿಂದ ಬಂದವು, ಇನ್ನೊಂದರಲ್ಲಿ ಮೇಜುಗಳಿಗೆ ಹೋಗುವವು, ನಡುವೆ ಜಂಪರ್ ತಂತಿ. ತಂತಿಯ ಹೊದಿಕೆ ಸುಲಿಯಬಾರದು. ಕ್ರೋನ್ ಟೂಲಿನಿಂದ ಒತ್ತಿದರೆ ಪಟ್ಟಿಯ ಅಲಗೇ ಹೊದಿಕೆ ಸೀಳಿ ತಾಮ್ರ ಹಿಡಿಯುತ್ತದೆ. ಸ್ಕ್ರೂಡ್ರೈವರಿನಿಂದ ತುರುಕಿದರೆ ಅಲಗು ಅಗಲವಾಗಿ ಆ ಜಾಗ ಶಾಶ್ವತವಾಗಿ ಹಾಳು. ಜೋಡಿಗಳ ಬಣ್ಣದ ಕ್ರಮ ಬಿಳಿಯ ಜೊತೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಯಾವ ಜೋಡಿ ಯಾವ ಮೇಜಿಗೆ ಎಂಬ ಪಟ್ಟಿಯನ್ನು ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ. ಮೂರು ವರ್ಷದ ಮೇಲೆ ಬರುವ ರಿಪೇರಿಯವನು ನಿಮಗೆ ಅರ್ಧ ದಿನದ ಕೂಲಿ ಉಳಿಸುತ್ತಾನೆ.

ಡಬ್ಬಿ ಎದೆಯ ಎತ್ತರದಲ್ಲಿ ಒಣ ಗೋಡೆಯ ಮೇಲಿರಲಿ. ಎಸಿ ಕೆಳಗೆ ಬೇಡ, ಬಚ್ಚಲಿನ ಹಿಂಗೋಡೆಯಂತೂ ಬೇಡವೇ ಬೇಡ. ಕೇಬಲ್ ಒಳಹೋಗುವ ತೂತಿನ ಸುತ್ತ ಎಂ-ಸೀಲ್ ಮೆತ್ತಿಬಿಡಿ. ನಮ್ಮ ಕಡೆ ಪವರ್ ಕಾರ್ಡ್ ಸುಡುವುದರಲ್ಲಿ ಹಲ್ಲಿಯ ಪಾಲು ಸಣ್ಣದಲ್ಲ, ಬೆಚ್ಚಗಿನ ಜಾಗ ಹುಡುಕಿ ಬಂದು ತಾನೂ ಸತ್ತು ಕಾರ್ಡನ್ನೂ ಕೊಲ್ಲುತ್ತದೆ.

ಮುಂಗಾರಿನ ಮುಂಚೆ, ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲು ಇನ್ನೊಂದು ಶತ್ರು. ಫೈಬರ್ ಗಾಜಾದ್ದರಿಂದ ಅದರ ಮೂಲಕ ಸಿಡಿಲಿನ ವಿದ್ಯುತ್ ಹರಿಯದು. ಆದರೆ ಎದುರಿನ ಗೋದಾಮಿಗೆ ಗಾಳಿಯಲ್ಲಿ ಎಳೆದ ನಿಮ್ಮದೇ ಎಕ್ಸ್‌ಟೆನ್ಷನ್ ತಂತಿ ಹೊತ್ತು ತರುತ್ತದೆ. ಕಟ್ಟಡದ ಹೊರಗೆ ಹೋಗುವ ಪ್ರತಿ ಜೋಡಿಗೂ ಕ್ರೋನ್ ಪಟ್ಟಿಯಲ್ಲಿ ಸಿಡಿಲಿನ ವಿದ್ಯುತ್ತನ್ನು ನೆಲಕ್ಕಿಳಿಸುವ ಅರೆಸ್ಟರ್ ಹಾಕಿಸಿ, ಅದಕ್ಕೆ ಅರ್ತ್ ಕೊಡಿಸಿ. ಅರ್ತ್ ಇಲ್ಲದ ಅರೆಸ್ಟರ್ ಬರೀ ಅಲಂಕಾರ.

ನಂಬರು ಕೊಡುವಾಗ

ಎಕ್ಸ್‌ಟೆನ್ಷನ್‌ಗಳಿಗೆ 101, 102 ಎಂದು ಕೊಡುವುದು ಚಂದ ಕಾಣುತ್ತದೆ, ಆದರೆ 101 ಅಗ್ನಿಶಾಮಕ, 108 ಆಂಬುಲೆನ್ಸ್, 112 ತುರ್ತು ಸೇವೆ. ಗಾಬರಿಯಲ್ಲಿ 108 ಒತ್ತಿದವನಿಗೆ ಲೆಕ್ಕಪತ್ರ ವಿಭಾಗ ಸಿಕ್ಕರೆ? 21ರಿಂದ 28 ಇಟ್ಟುಕೊಳ್ಳಿ. ಹೊರಗಿನ ಲೈನು ಹಿಡಿಯಲು ಹೆಚ್ಚಿನ ಡಬ್ಬಿಗಳಲ್ಲಿ 0, ಕೆಲವದರಲ್ಲಿ 9. 108, 112ಗಳು ಲೈನು ಹಿಡಿಯದೆ ನೇರವಾಗಿಯೂ ಹೋಗುವಂತೆ ಪ್ರೋಗ್ರಾಮ್ ಮಾಡಿಸಿ.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಸೇರಿಸಬೇಕು. ಅಂದರೆ ಇಂಟರ್‌ಕಾಮಿನಿಂದ ಎರಡು ಸೊನ್ನೆ: ಒಂದು ಲೈನಿಗೆ, ಇನ್ನೊಂದು ಮೊಬೈಲಿಗೆ. ಹಳೆಯ ಡಬ್ಬಿಗಳಲ್ಲಿ ‘ಎಸ್‌ಟಿಡಿ ಲಾಕ್’ ಎಂದರೆ ಸೊನ್ನೆಯಿಂದ ಶುರುವಾಗುವ ನಂಬರುಗಳನ್ನು ತಡೆಯುವುದು. ಆ ಲಾಕ್ ಹಾಗೆಯೇ ಉಳಿದಿದ್ದರೆ ಮೊಬೈಲಿಗೆ ಒಂದೂ ಕರೆ ಹೋಗದು, ಲೈನೇ ಕೆಟ್ಟಿದೆ ಎಂದು ದೂರು ಕೊಡುತ್ತಾ ಕೂರುತ್ತೀರಿ. ಸೊನ್ನೆ ಎಂಟರಲ್ಲಿ ಶುರುವಾಗುವುದನ್ನಷ್ಟೇ ತಡೆಯೋಣ ಎಂದರೂ ಆಗದು. ಬೆಂಗಳೂರಿನ 080, ಮೈಸೂರಿನ 0821, ಹುಬ್ಬಳ್ಳಿಯ 0836 ಎಲ್ಲವೂ ಎಂಟರ ಮೊಬೈಲುಗಳ ಜೊತೆ ಬೆರೆತಿವೆ. ದೇಶದೊಳಗಿನ ಕರೆಗಳು ಪ್ಲ್ಯಾನಿನಲ್ಲೇ ಸೇರಿರುವ ಈ ಕಾಲದಲ್ಲಿ ಲೈನು ಹಿಡಿದ ಮೇಲೆ ಒತ್ತುವ 00, ಅಂದರೆ ವಿದೇಶಿ ಕರೆ ಮಾತ್ರ ಮುಚ್ಚಿ, ಉಳಿದದ್ದು ಬಿಟ್ಟುಬಿಡಿ.

ಡಬ್ಬಿಯೇ ಕರೆ ಎತ್ತಿ ಕೇಳಿಸುವ ಸ್ವಾಗತದ ದನಿ 15 ಸೆಕೆಂಡಿಗಿಂತ ಉದ್ದ ಬೇಡ. ಸಂಸ್ಥೆಯ ಹೆಸರು, ‘ಬಿಲ್ ವಿಚಾರಕ್ಕೆ 21 ಒತ್ತಿ, ಉಳಿದದ್ದಕ್ಕೆ ಲೈನಿನಲ್ಲಿರಿ’, ಇಷ್ಟು ಸಾಕು. ಏನೂ ಒತ್ತದವರನ್ನು ಆಪರೇಟರ್‌ಗೆ ದಾಟಿಸಿ. ಹಳ್ಳಿಯಿಂದ ಕರೆ ಮಾಡುವ ಹಿರಿಯರು ಗುಂಡಿ ಒತ್ತುವುದಿಲ್ಲ, ‘ಹಲೋ ಹಲೋ’ ಎಂದು ಇಟ್ಟುಬಿಡುತ್ತಾರೆ.

ಕಣ್ಣಿಗೆ ಬೀಳದ ನಾಲ್ಕು ಸೆಟ್ಟಿಂಗ್

ಡಬ್ಬಿಯಲ್ಲಿ ದೇಶ ‘ಇಂಡಿಯಾ’ ಎಂದಿದೆಯೇ ನೋಡಿಸಿ. ಆಚೆಯವರು ಫೋನ್ ಇಟ್ಟದ್ದು ಡಬ್ಬಿಗೆ ಗೊತ್ತಾಗುವುದು ಆಗ ಬರುವ ಎಂಗೇಜ್ ಟೋನಿನಿಂದ. ನಮ್ಮಲ್ಲಿ ಅದು 400 ಹರ್ಟ್ಸ್, 0.75 ಸೆಕೆಂಡು ಸದ್ದು, 0.75 ಸೆಕೆಂಡು ಮೌನ. ಬೇರೆ ದೇಶದ ಲೆಕ್ಕದಲ್ಲಿರುವ ಡಬ್ಬಿ ಅದನ್ನು ಗುರುತಿಸದೆ ಖಾಲಿ ಲೈನನ್ನೇ ಹಿಡಿದುಕೊಂಡು ಕೂರುತ್ತದೆ. ಸ್ವಾಗತದ ದನಿ ಹಾಕಿದ ಮೇಲೆ ಲೈನು ಗಂಟೆಗಟ್ಟಲೆ ಎಂಗೇಜ್ ಬಂದರೆ ಕಾರಣ ಬಹುತೇಕ ಇದೇ.

ಕರೆ ಮಾಡಿದವರ ನಂಬರು ಕಾಣದಿದ್ದರೆ ನಂಬರು ಕಳಿಸುವ ಎರಡು ಬಗೆಗಳಾದ ಎಫ್‌ಎಸ್‌ಕೆ, ಡಿಟಿಎಂಎಫ್ ಎರಡನ್ನೂ ಬದಲಿಸಿ ನೋಡಿ. ಓಎನ್‌ಟಿ ಕಳಿಸುವ ಬಗೆ ಮತ್ತು ಡಬ್ಬಿ ಓದುವ ಬಗೆ ಒಂದೇ ಆಗಿರಬೇಕು. ಎಷ್ಟೋ ಸಲ ನಂಬರಿನ ಮಾಹಿತಿ ಬರುವುದು ಮೊದಲ ಮತ್ತು ಎರಡನೇ ರಿಂಗಿನ ನಡುವೆ. ಸ್ವಾಗತದ ದನಿ ಮೊದಲ ರಿಂಗಿಗೇ ಎತ್ತಿಕೊಂಡರೆ ನಂಬರು ಬರುವ ಮೊದಲೇ ಬಾಗಿಲು ತೆಗೆದಂತೆ. ಎರಡು ರಿಂಗ್ ಆಗಲಿ.

ಫೋನಿನ ಫ್ಲ್ಯಾಶ್ ಗುಂಡಿ ಒತ್ತಿದರೆ ಕರೆ ವರ್ಗವಾಗದೆ ಕಟ್ ಆಗುತ್ತದೆಯೇ? ಅಥವಾ ಏನೂ ಆಗುವುದಿಲ್ಲವೇ? ಫೋನಿನ ಫ್ಲ್ಯಾಶ್ ಸಮಯ 100, 300, 600 ಮಿಲಿಸೆಕೆಂಡುಗಳಲ್ಲಿ ಯಾವುದಕ್ಕಿದೆ ನೋಡಿ ಡಬ್ಬಿಗೆ ಹೊಂದಿಸಿ. ಎಂಟೂ ಒಂದೇ ಮಾದರಿಯ ಫೋನುಗಳಾದರೆ ಈ ರಗಳೆ ಒಂದೇ ಸಲಕ್ಕೆ ಮುಗಿಯುತ್ತದೆ.

ನಾಲ್ಕನೆಯದು ಪಾಸ್‌ವರ್ಡ್. ಕಂಪನಿಯಿಂದ ಬಂದ 1234 ಹಾಗೆಯೇ ಬಿಟ್ಟು, ಹೊರಗಿನಿಂದ ಕರೆ ಮಾಡಿ ನಿಮ್ಮ ಲೈನಿನಲ್ಲೇ ಮತ್ತೆ ಹೊರಗೆ ಮಾತಾಡುವ ಸೌಲಭ್ಯವನ್ನೂ ತೆರೆದಿಟ್ಟರೆ, ಭಾನುವಾರ ರಾತ್ರಿ ಯಾರೋ ಮಾತಾಡಿದ್ದಕ್ಕೆ ಬಿಲ್ಲು ನೀವು ಕಟ್ಟುತ್ತೀರಿ. ಬೇಡದಿದ್ದರೆ ಆ ಸೌಲಭ್ಯ ಮುಚ್ಚಿಸಿ.

ಐಪಿ ಫೋನ್ ಹಾಕುವುದಾದರೆ

ಒಂದು ಕರೆಗೆ ಜಿ.711 ಎಂಬ ಧ್ವನಿ ಬಗೆಯಲ್ಲಿ ಹೋಗಲು ಬರಲು ತಲಾ 87 ಕೆಬಿಪಿಎಸ್ ಸಾಕು. ನಾಲ್ಕು ಕರೆ ಒಟ್ಟಿಗೆ ನಡೆದರೂ ಅರ್ಧ ಎಂಬಿಪಿಎಸ್ ಮುಟ್ಟದು. ಮಾತು ತುಂಡಾಗುವುದು ಸಿಸಿಟಿವಿ ಅಥವಾ ಬ್ಯಾಕಪ್ ಇಡೀ ಅಪ್‌ಲೋಡ್ ನುಂಗಿದಾಗ. ರೌಟರಿನಲ್ಲಿ ಧ್ವನಿಗೆ ಮೊದಲ ಆದ್ಯತೆ ಕೊಡಿಸಿ. ನಿಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಿಮಗೆ ಕೇಳದು ಎಂದರೆ ರೌಟರಿನ ‘ಸಿಪ್ ಎಎಲ್‌ಜಿ’ ಎಂಬ ಸೆಟ್ಟಿಂಗ್ ಆಫ್ ಮಾಡಿ ನೋಡಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಐಪಿ ಕರೆಗಳು ಬಳಸುವ 5060 ಪೋರ್ಟನ್ನು ಇಂಟರ್ನೆಟ್ಟಿಗೆ ಬಾಗಿಲು ತೆಗೆದಂತೆ ಬಿಡಬೇಡಿ. ವಿದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆಗಳನ್ನು ಸಿಮ್ ಡಬ್ಬಿಯಿಂದ ಊರೊಳಗೆ ಬಿಡುವುದು ಅಪರಾಧ. ‘ಕಮಿಷನ್ ಕೊಡುತ್ತೇವೆ, ನಮ್ಮ ಡಬ್ಬಿ ನಿಮ್ಮ ಕಚೇರಿಯಲ್ಲಿಡಿ’ ಎಂದು ಯಾರಾದರೂ ಬಂದರೆ ಹೊಸ್ತಿಲಲ್ಲೇ ಕಳಿಸಿ.

ಸಿಬ್ಬಂದಿಗೆ ಕಲಿಸಬೇಕಾದ್ದು

ಮೂರೇ ಕೆಲಸ. ವರ್ಗ ಮಾಡುವುದು: ಫ್ಲ್ಯಾಶ್ ಒತ್ತಿ, 24 ಒತ್ತಿ, ಅವರು ಎತ್ತುವವರೆಗೆ ಕಾದು, ‘ಸಾರ್, ತಿಪಟೂರಿನ ಪಾರ್ಟಿ ಲೈನಿನಲ್ಲಿದ್ದಾರೆ’ ಎಂದು ಹೇಳಿ ಫೋನ್ ಇಡುವುದು. ಅವರು ಎತ್ತದಿದ್ದರೆ ಮತ್ತೆ ಫ್ಲ್ಯಾಶ್ ಒತ್ತಿ ಗ್ರಾಹಕರ ಬಳಿ ವಾಪಸ್ ಬರುವುದು. ಹೇಳದೆ ಕೇಳದೆ ದಾಟಿಸಿ ಇಟ್ಟುಬಿಡುವುದೇ ಗ್ರಾಹಕರು ಬೈಯುವುದಕ್ಕೆ ಮೊದಲ ಕಾರಣ. ಎರಡನೆಯದು, ಪಕ್ಕದ ಮೇಜಿನಲ್ಲಿ ರಿಂಗ್ ಆಗುತ್ತಿದ್ದರೆ ಎದ್ದು ಓಡದೆ ಪಿಕಪ್ ಕೋಡ್ ಒತ್ತಿ ತನ್ನ ಫೋನಿಗೇ ಎಳೆದುಕೊಳ್ಳುವುದು. ಮೂರನೆಯದು, ಊಟಕ್ಕೆ ಏಳುವಾಗ ತನ್ನ ಕರೆಗಳನ್ನು ಬೇರೆಯವರಿಗೆ ತಿರುಗಿಸುವುದು, ಬಂದ ಮೇಲೆ ಮರೆಯದೆ ತೆಗೆಯುವುದು. ಕೋಡ್‌ಗಳು ಕಂಪನಿಗೊಂದು ಥರ. ನಿಮ್ಮ ಡಬ್ಬಿಯವನ್ನು ಚೀಟಿಯಲ್ಲಿ ಬರೆದು ಪ್ರತಿ ಫೋನಿನ ಕೆಳಗೆ ಅಂಟಿಸಿ.

ಒಂದು ಫೋನ್ ಸತ್ತರೆ ಮೊದಲು ಪಕ್ಕದ ಮೇಜಿನ ಫೋನ್ ತಂದು ಸಿಕ್ಕಿಸಿ. ಅದೂ ಮಾತಾಡದಿದ್ದರೆ ಕ್ರೋನ್ ಪಟ್ಟಿಯಲ್ಲಿ ಆ ಮೇಜಿನ ಜಂಪರನ್ನು ಬೇರೆ ಪೋರ್ಟಿಗೆ ಬದಲಿಸಿ. ಈಗ ಬಂತೆಂದರೆ ಪೋರ್ಟ್ ಹೋಗಿದೆ, ಬರಲಿಲ್ಲವೆಂದರೆ ತಂತಿ ಹೋಗಿದೆ. ಹತ್ತು ನಿಮಿಷದ ಈ ಕೆಲಸ ಮಾಡಿಕೊಂಡು ರಿಪೇರಿಯವರಿಗೆ ಫೋನ್ ಮಾಡಿದರೆ ಅವರು ಸರಿಯಾದ ಸಾಮಾನು ಹಿಡಿದುಕೊಂಡೇ ಬರುತ್ತಾರೆ.

ಕೂರಿಸಿದವನಿಗೆ ಪೂರ್ತಿ ದುಡ್ಡು ಕೊಡುವ ಮುಂಚೆ ಅವನ ಎದುರೇ ಎರಡು ಮೊಬೈಲಿನಿಂದ ಎರಡೂ ಲೈನಿಗೆ ಒಟ್ಟಿಗೆ ಕರೆ ಮಾಡಿ, ಎರಡನ್ನೂ ಬೇರೆ ಬೇರೆ ಮೇಜಿಗೆ ವರ್ಗ ಮಾಡಿ, ಮಾತು ನಡೆಯುತ್ತಿರುವಾಗಲೇ ಮೇನ್ ಸ್ವಿಚ್ ಆರಿಸಿ.