ಥಿಂಬಲ್ ಕ್ಯಾಕ್ಟಸ್: ಕುಂಡ, ನೀರು, ಮರಿಗಳು

ಥಿಂಬಲ್ ಕ್ಯಾಕ್ಟಸ್ ಎಂದು ಕರೆಯುವ ಮ್ಯಾಮಿಲೇರಿಯಾ ಗ್ರಾಸಿಲಿಸ್ ಮಧ್ಯ ಮೆಕ್ಸಿಕೋ ಮೂಲದ ಪುಟ್ಟ ಕಳ್ಳಿ. ಸಸ್ಯಶಾಸ್ತ್ರಜ್ಞರು ಇದನ್ನು ಮ್ಯಾಮಿಲೇರಿಯಾ ವೆಟುಲಾದ ಉಪಜಾತಿ ಎಂದೂ ಕರೆಯುತ್ತಾರೆ. ಲೇಬಲ್ ಮೇಲೆ ಯಾವ ಹೆಸರಿದ್ದರೂ ಆರೈಕೆ ಒಂದೇ. ಹೆಬ್ಬೆರಳ ಗಾತ್ರದ ಕಾಂಡದ ಸುತ್ತ ಬಿಳಿ ಮುಳ್ಳಿನ ಹತ್ತಾರು ಮರಿಗಳು ಮೂಡುತ್ತವೆ. ತಾಯಿಗೂ ಮರಿಗೂ ನಡುವಿನ ಬೆಸುಗೆ ತೀರಾ ಸಣ್ಣದು, ಕೈ ತಗುಲಿದರೆ ಕಳಚುತ್ತದೆ. ಸಸಿ ಮಾಡುವವರಿಗೆ ಇದು ವರ, ಕುಂಡ ಬದಲಿಸುವವರಿಗೆ ತಲೆನೋವು.

ಗುಂಪು ಅಡ್ಡಕ್ಕೆ ಹರಡುವುದರಿಂದ ಅಗಲವಾದ, 7–8 ಸೆಂ.ಮೀ. ಆಳದ ಮಣ್ಣಿನ ಕುಂಡ ಸಾಕು. ಗುಂಪಿನ ಅಂಚಿನಿಂದ ಕುಂಡದ ಅಂಚಿಗೆ 2 ಸೆಂ.ಮೀ.ಗಿಂತ ಹೆಚ್ಚು ಜಾಗ ಬಿಡಬೇಡಿ. ಬೇರಿಲ್ಲದ ಕಡೆಯ ಮಣ್ಣು ಬೇಗ ಒಣಗುವುದಿಲ್ಲ. ಎರಡು ಪಾಲು 3–5 ಮಿ.ಮೀ. ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಅಥವಾ ಸಣ್ಣ ಜಲ್ಲಿ, ಒಂದು ಪಾಲು ಹಳೆಯ ಕಾಂಪೋಸ್ಟ್, ಜೊತೆಗೆ ಒಂದು ಹಿಡಿ ಇದ್ದಿಲ ಚೂರು ಬೆರೆಸಿ. ಜಲ್ಲಿಯನ್ನು ಜರಡಿ ಹಿಡಿದು ಪುಡಿ ತೆಗೆಯಲೇಬೇಕು. ಆ ಪುಡಿಯೇ ತಳಕ್ಕಿಳಿದು ಗಟ್ಟಿಯಾಗಿ ನೀರು ಹಿಡಿದಿಡುತ್ತದೆ. ಬರೀ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಬಂದ ಗಿಡವಾದರೆ ಬೇರಿನ ಸುತ್ತಲಿನ ಪೀಟ್ ಉದುರಿಸಿಯೇ ನೆಡಿ.

ಈ ಗಿಡ ಸಾಯುವುದು ಹೆಚ್ಚಾಗಿ ನೀರಿನಿಂದಲೇ, ಅದೂ ಗುಂಪಿನ ನಡುವಿನಿಂದ. ಮರಿಗಳು ಒತ್ತೊತ್ತಾಗಿ ಬೆಳೆದಾಗ ಒಳಗೆ ಗಾಳಿ ಆಡುವುದಿಲ್ಲ. ಮೇಲಿಂದ ಸುರಿದ ನೀರು ಅಲ್ಲೇ ನಿಂತು ಕಾಂಡ ಮೆತ್ತಗಾಗುತ್ತದೆ. ಹೊರಗಿನ ಮರಿಗಳು ಹಸಿರಾಗಿಯೇ ಇರುವುದರಿಂದ ಒಳಗಿನ ಕೊಳೆತ ತಡವಾಗಿ ಗೊತ್ತಾಗುತ್ತದೆ. ಹಾಗಾಗಿ ನೀರನ್ನು ಕುಂಡದ ಅಂಚಿಗೆ ಹಾಕಿ, ಇಲ್ಲವೇ ತಟ್ಟೆಯಲ್ಲಿಟ್ಟು ತಳದಿಂದ 15 ನಿಮಿಷ ಹೀರಿಸಿ, ಉಳಿದದ್ದನ್ನು ಚೆಲ್ಲಿ. ಬೆಳೆಯುವ ಕಾಲದಲ್ಲೂ ಮಣ್ಣು ತಳದವರೆಗೆ ಒಣಗಿದ ಮೇಲೆಯೇ ಮುಂದಿನ ನೀರು. ಬಿದಿರು ಕಡ್ಡಿ ತಳದವರೆಗೆ ಚುಚ್ಚಿ ತೆಗೆದರೆ ತೇವ ತಿಳಿಯುತ್ತದೆ. ‘ವಾರಕ್ಕೊಮ್ಮೆ’ ಎಂಬ ಲೆಕ್ಕವನ್ನು ನಂಬಬೇಡಿ. ಚಳಿಯಲ್ಲಿ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ನೀರು ನಿಲ್ಲಿಸಿ. ಆಗ ಗಿಡ ಕೊಂಚ ಸುಕ್ಕಾದರೂ ಗಾಬರಿ ಬೇಡ.

ಬೆಳಗಿನ ನಾಲ್ಕೈದು ಗಂಟೆ ನೇರ ಬಿಸಿಲು ಬೇಕು. ಬೆಳಕು ಸಾಲದಿದ್ದರೆ ಮರಿಗಳು ಉದ್ದಕ್ಕೆ ಎಳೆದುಕೊಂಡು ಮುಳ್ಳು ವಿರಳವಾಗುತ್ತದೆ, ಆ ಆಕಾರ ಮತ್ತೆ ಸರಿಹೋಗದು. ನೆರಳಿನ ಗಿಡವನ್ನು ಬಿಸಿಲಿಗೆ ತರುವುದಾದರೆ ಎರಡು ವಾರ ಹಂತಹಂತವಾಗಿ ಒಡ್ಡಿ. ಒಮ್ಮೆಲೇ ಇಟ್ಟರೆ ಸುಟ್ಟ ಕಲೆ ಶಾಶ್ವತ. ಗೊಬ್ಬರದ ವಿಷಯದಲ್ಲಿ ಜಿಪುಣತನವೇ ಒಳ್ಳೆಯದು: ಸಾರಜನಕ ಕಡಿಮೆಯಿರುವ ದ್ರವ ಗೊಬ್ಬರ, ಹೇಳಿದ ಪ್ರಮಾಣದ ಕಾಲು ಭಾಗ, ಬೆಳೆಯುವಾಗ ತಿಂಗಳಿಗೊಮ್ಮೆ.

ಉದುರಿದ ಮರಿಗಳನ್ನು ನೆರಳಲ್ಲಿ ಎರಡು ಮೂರು ದಿನ ಬಿಟ್ಟು ಗಾಯ ಒಣಗಿಸಿ, ಒಣ ಮಿಶ್ರಣದ ಮೇಲೆ ಸುಮ್ಮನೆ ಇಡಿ. ಹೂಳಬಾರದು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಮೆಲ್ಲಗೆ ಎತ್ತಿದಾಗ ಮಣ್ಣು ಹಿಡಿದರೆ ಮೊದಲ ನೀರು ಕೊಡಿ.

ಕುಂಡ ಬದಲಿಸುವ ಮುನ್ನ ಮಣ್ಣನ್ನು ಪೂರ್ತಿ ಒಣಗಿಸಿ, ಗುಂಪಿಗೆ ತೆಳು ಫೋಮ್ ಸುತ್ತಿ ಓರೆ ಮಾಡಿ ಕಳಚಿ. ಹೇಗೆ ಮಾಡಿದರೂ ಕೆಲವು ಮರಿಗಳು ಉದುರಿಯೇ ಉದುರುತ್ತವೆ. ಬೇರಿನಲ್ಲಿ ಹತ್ತಿಯಂಥ ಬಿಳಿ ಪುಡಿ ಕಂಡರೆ ಅದು ಹಿಟ್ಟು ತಿಗಣೆ: ಹಳೆಯ ಮಣ್ಣೆಲ್ಲ ತೊಳೆದು, ಬೇರು ಒಣಗಿಸಿ, ಹೊಸ ಮಿಶ್ರಣದಲ್ಲಿ ನೆಡಿ. ಕಾಂಡದ ಮೇಲಿದ್ದರೆ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಕುಂಚದಿಂದ ಸಂಜೆ ಹೊತ್ತು ಒರೆಸಿ, ವಾರ ಬಿಟ್ಟು ಮತ್ತೊಮ್ಮೆ. ಹೊಸದಾಗಿ ನೆಟ್ಟ ಗಿಡಕ್ಕೆ ಒಂದು ವಾರ ನೀರು ಬೇಡ.