ಸಿಟ್ಟಿನ ತಂದೆ, ಬಾಯಿ ಬಿಡದ ಮಗು: ಕೊಡಗಿನ ಶಾಲಾ ಆಪ್ತಸಮಾಲೋಚಕರಿಗೆ

ಪರೀಕ್ಷೆಯ ಅಂಕ ಕೊಟ್ಟ ಮರುದಿನ ಬಾಗಿಲು ತಳ್ಳಿಕೊಂಡು ಬರುವ ತಂದೆಗೆ ಉತ್ತರ ಆಮೇಲೆ ಕೊಡಿ, ಮೊದಲು ಕುರ್ಚಿ ಕೊಡಿ. ಮೇಜಿನ ಆಚೆ ನೀವು, ಈಚೆ ಅವರು ಕೂತರೆ ಕೋಣೆ ಪೊಲೀಸ್ ಠಾಣೆಯಂತಾಗುತ್ತದೆ. ಕುರ್ಚಿಯನ್ನು ಮೇಜಿನ ಮೂಲೆಗೆ ಎಳೆದು ಪಕ್ಕಪಕ್ಕ ಕೂರಿ. ಬಾಗಿಲಿಗೆ ಹತ್ತಿರದ ಕುರ್ಚಿ ನಿಮ್ಮದಾಗಿರಲಿ, ಬಾಗಿಲು ಅರ್ಧ ತೆರೆದಿರಲಿ. ಒಂದು ಲೋಟ ನೀರು ಕೊಟ್ಟು ಐದು ನಿಮಿಷ ನಡುವೆ ಬಾಯಿ ಹಾಕಬೇಡಿ. ಎದುರಿನಿಂದ ಸೌದೆ ಬೀಳದಿದ್ದರೆ ಬೆಂಕಿ ತಾನಾಗಿ ತಗ್ಗುತ್ತದೆ.

ದನಿ ಇಳಿದ ಮೇಲೆ ಅವರ ಮಾತನ್ನೇ ಅವರಿಗೆ ತಿರುಗಿ ಹೇಳಿ: "ಸರ್, ನನಗೆ ಅರ್ಥ ಆಗಿದ್ದು ಇಷ್ಟು. ಮಗಳನ್ನು ಕ್ಲಾಸಿನ ಎದುರು ನಿಲ್ಲಿಸಿ ಬೈದಿದ್ದಾರೆ, ಎರಡು ದಿನದಿಂದ ಅವಳು ಸರಿಯಾಗಿ ಊಟ ಮಾಡ್ತಿಲ್ಲ. ಸರಿನಾ?" ಅವರು "ಹೌದು" ಅನ್ನುವವರೆಗೆ ಮುಂದಕ್ಕೆ ಹೋಗಬೇಡಿ. ಇಲ್ಲಿ ಮಾತುಕತೆ ಕೆಡುವುದು ಹೆಚ್ಚಾಗಿ ಮೂರು ಮಾತಿನಿಂದ. "ಸಮಾಧಾನ ಮಾಡ್ಕೊಳ್ಳಿ" ಅಂದರೆ ಸಿಟ್ಟು ಇಮ್ಮಡಿಯಾಗುತ್ತದೆ. "ನಮ್ಮ ಟೀಚರ್ ಹಾಗೆ ಮಾಡೋರಲ್ಲ" ಅಂದರೆ ನೀವು ಒಂದು ಪಕ್ಷ ಸೇರಿದಂತೆ. "ಅವರ ಮೇಲೆ ಕ್ರಮ ತಗೊಳ್ತೇವೆ" ಅನ್ನುವುದಕ್ಕೆ ನಿಮಗೆ ಅಧಿಕಾರವೇ ಇಲ್ಲ. ಹೇಳಬಹುದಾದದ್ದು: "ಇವತ್ತು ಇಬ್ಬರ ಹತ್ತಿರಾನೂ ಮಾತಾಡ್ತೇನೆ. ನಾಳೆ ನಾಲ್ಕು ಗಂಟೆಗೆ ನಾನೇ ಫೋನ್ ಮಾಡ್ತೇನೆ." ಹೇಳಲು ಹೊಸದೇನೂ ಇಲ್ಲದಿದ್ದರೂ ನಾಲ್ಕಕ್ಕೆ ಫೋನ್ ಹೋಗಲೇಬೇಕು. ಬೈದದ್ದು, ಹೊಡೆದದ್ದು ನಿಜವಾಗಿದ್ದರೆ ಮುಚ್ಚಿಡಬೇಡಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅಂದೇ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ತಿಳಿಸಿ.

ಕುಡಿದು ಬಂದವರ ಜೊತೆ ಚರ್ಚೆ ಬೇಡ. ಇನ್ನೊಬ್ಬ ಸಿಬ್ಬಂದಿಯನ್ನು ಜೊತೆಗಿಟ್ಟುಕೊಂಡು ಬೇರೆ ದಿನ ಕೊಡಿ. ಮಗುವನ್ನು ಅವರ ಗಾಡಿಯಲ್ಲಿ ಕಳಿಸಬೇಡಿ, ಮನೆಯ ಇನ್ನೊಬ್ಬ ಹಿರಿಯರನ್ನು ಕರೆಸಿ.

ಕರೆದರೂ ಬಾರದ ಪೋಷಕರನ್ನು "ಕಾಳಜಿ ಇಲ್ಲದವರು" ಎಂದು ಬರೆಯುವ ಮೊದಲು ಕ್ಯಾಲೆಂಡರ್ ನೋಡಿ. ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ ಕಾಫಿಯದು ಎಂದು ನವೆಂಬರ್‌ನಿಂದ ಮಾರ್ಚ್‌ವರೆಗೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ತಾಯಿಗೆ ಶಾಲೆಗೆ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಆನೆ ಓಡಾಡುವ ದಾರಿಯಲ್ಲಿ ಸಂಜೆ ಆರರ ಮೇಲೆ ಅವರನ್ನು ನಡೆಸುವುದೂ ತಪ್ಪು. ರಜೆಯ ದಿನ, ಸಂತೆಯ ದಿನ ಅಥವಾ ಬಸ್ಸಿನ ಹೊತ್ತು ಕೇಳಿ ಸಮಯ ಕೊಡಿ, ಇಪ್ಪತ್ತು ನಿಮಿಷದಲ್ಲಿ ಮುಗಿಸಿ. ಯರವ ಭಾಷೆ, ಮಲಯಾಳ ಅಥವಾ ಅಸ್ಸಾಮಿ ಮಾತ್ರ ಬರುವ ತಂದೆತಾಯಿಗೆ ಆ ಮಗುವನ್ನೇ ದುಭಾಷಿ ಮಾಡಬೇಡಿ. ತನ್ನ ಮೇಲಿನ ದೂರನ್ನು ತಾನೇ ಅನುವಾದಿಸುವ ಮಗು ಅರ್ಧ ನುಂಗಿಬಿಡುತ್ತದೆ, ಉಳಿದರ್ಧಕ್ಕೆ ಮನೆಯಲ್ಲಿ ಪೆಟ್ಟು ತಿನ್ನುತ್ತದೆ. ಆ ಭಾಷೆ ಬಲ್ಲ ಬೇರೊಬ್ಬರನ್ನು ಹುಡುಕಿ, ಆದರೆ ಅದೇ ಲೈನಿನ ಪಕ್ಕದ ಮನೆಯವರು ಬೇಡ.

ಮಗುವಿನ ವಿಷಯಕ್ಕೆ ಬರೋಣ. ಬಾಯಿ ಬಿಡದ ಮಗುವಿಗೆ "ಯಾಕೆ" ಎಂದು ಕೇಳಿದರೆ ಅದು ತಪ್ಪೊಪ್ಪಿಗೆ ಕೇಳಿದಂತೆ ಕೇಳಿಸುತ್ತದೆ. "ನಿನ್ನೆ ಮನೆಗೆ ಹೋದ ಮೇಲೆ ಏನೇನಾಯ್ತು?" ಅನ್ನಿ. ಕಾಗದ, ಬಣ್ಣದ ಪೆನ್ಸಿಲ್ ಮುಂದಿಟ್ಟು ನೀವೂ ಏನಾದರೂ ಗೀಚುತ್ತಿರಿ, ಮುಖ ನೋಡದಿದ್ದಾಗ ಮಾತು ಸಲೀಸು. ಒಂದು ಮಾತನ್ನು ಮಾತ್ರ ಎಂದೂ ಕೊಡಬೇಡಿ: "ಯಾರಿಗೂ ಹೇಳಲ್ಲ." ಬದಲಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ: "ನೀನು ಹೇಳಿದ್ದು ನನ್ನ ಹತ್ತಿರಾನೇ ಇರುತ್ತೆ. ಆದರೆ ನಿನಗೆ ಅಥವಾ ಬೇರೆಯವರಿಗೆ ಅಪಾಯ ಇದೆ ಅನ್ನಿಸಿದರೆ ಸಹಾಯ ಮಾಡೋರಿಗೆ ಹೇಳಬೇಕಾಗುತ್ತೆ. ಹೇಳೋ ಮೊದಲು ನಿನಗೆ ತಿಳಿಸ್ತೇನೆ." ಕೊಟ್ಟ ಮಾತು ಮುರಿದರೆ ಆ ಮಗು ಮತ್ತೆ ಯಾವ ಹಿರಿಯರ ಬಳಿಯೂ ಬರಲಿಕ್ಕಿಲ್ಲ.

"ಸಾಕಾಗಿದೆ" ಎಂಬ ಮಾತು ಬಂದರೆ ಸುತ್ತಿ ಬಳಸದೆ ಕೇಳಿ: "ಸಾಯಬೇಕು ಅಂತ ಅನ್ನಿಸಿದೆಯಾ? ಹೇಗೆ ಅಂತ ಯೋಚಿಸಿದ್ದೀಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಮಕ್ಕಳಿಗೆ ಎದೆಯ ಭಾರ ಇಳಿಯುತ್ತದೆ. ಉತ್ತರ ಹೌದಾಗಿದ್ದರೆ ಶೌಚಾಲಯಕ್ಕೂ ಒಂಟಿಯಾಗಿ ಬಿಡಬೇಡಿ. ಅಂದೇ ಪೋಷಕರನ್ನು ಕರೆಸಿ, ಅವರ ಕೈಗೊಪ್ಪಿಸುವವರೆಗೆ ಒಬ್ಬರು ಜೊತೆಗಿರಬೇಕು. ನಮ್ಮ ಜಿಲ್ಲೆಯಲ್ಲಿ ಪೋಷಕರನ್ನು ಕೇಳಲೇಬೇಕಾದ ಎರಡು ಪ್ರಶ್ನೆಗಳಿವೆ. ತೋಟಕ್ಕೆ ಹೊಡೆಯುವ ಔಷಧಿ ಎಲ್ಲಿಟ್ಟಿದ್ದೀರಿ? ಮನೆಯಲ್ಲಿ ಕೋವಿ ಇದೆಯಾ? ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇರುವುದರಿಂದ ಕೋವಿ ಇರುವ ಮನೆಗಳು ಇಲ್ಲಿ ಅನೇಕ. ಕೈಲ್‌ಪೊಳ್ದ್‌ ಹಬ್ಬದಲ್ಲಿ ಪೂಜೆಗಿಡುವ ವಸ್ತು ಅದು, ಗೌರವದಿಂದ ಕೇಳಿ: "ಸರ್, ಮಗ ಚೇತರಿಸಿಕೊಳ್ಳೋವರೆಗೆ ಕೋವಿ ಬೀಗದೊಳಗೆ, ಗುಂಡು ಬೇರೆ ಕಡೆ ಬೀಗದೊಳಗೆ, ಎರಡರ ಕೀಲಿಯೂ ನಿಮ್ಮ ಸೊಂಟದಲ್ಲಿ ಇರಲಿ." ತೋಟದ ಔಷಧಿಗೂ ಮನೆಯ ಮಾತ್ರೆಗಳಿಗೂ ಇದೇ ಮಾತು. ಆ ಗಳಿಗೆ ಹೆಚ್ಚಾಗಿ ಥಟ್ಟನೆ ಬಂದು ಹೋಗುವಂಥದ್ದು, ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಿಮ್ಮೆದುರಿಗೇ ಒಮ್ಮೆ ಕರೆ ಮಾಡಿಸಿ, ಕನ್ನಡದಲ್ಲೇ ಮಾತಾಡಬಹುದು. ಆದಷ್ಟು ಬೇಗ ಮನೋವೈದ್ಯರಲ್ಲಿಗೆ ಕಳಿಸಿ, ಹೋದರೇ ಎಂದು ಮರುದಿನ ವಿಚಾರಿಸಿ. "ಅಟೆನ್ಷನ್‌ಗೋಸ್ಕರ ಮಾಡ್ತಾನೆ" ಎನ್ನುವ ತಂದೆಗೆ ವಾದ ಬೇಡ: "ಇರಬಹುದು ಸರ್. ಗಮನ ಅಷ್ಟು ಬೇಕಾಗಿದೆ ಅಂದರೆ ಕೊಡೋಣ."

ಲೈಂಗಿಕ ದೌರ್ಜನ್ಯದ ಮಾತು ಬಂದರೆ ನೀವು ತನಿಖೆ ಮಾಡುವವರಲ್ಲ. ಮಗು ಹೇಳಿದಷ್ಟನ್ನು ಅದರದೇ ಪದಗಳಲ್ಲಿ ಬರೆಯಿರಿ, ಮತ್ತೆ ಮತ್ತೆ ಹೇಳಿಸಬೇಡಿ, ಆರೋಪ ಇರುವವರನ್ನು ಕರೆಸಿ ವಿಚಾರಿಸಬೇಡಿ. ಆ ವ್ಯಕ್ತಿ ಮನೆಯವರೇ ಆಗಿದ್ದರೆ ಮನೆಗೆ ಮೊದಲು ಫೋನ್ ಮಾಡುವುದೇ ದೊಡ್ಡ ತಪ್ಪು; ಸಂಜೆಯೊಳಗೆ ಮಗುವಿನ ಮಾತು ಬದಲಾಗಿರುತ್ತದೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಇದೆ. ಮಕ್ಕಳ ಸಹಾಯವಾಣಿ 1098 ಸಹ ನೆನಪಿರಲಿ. "ಊರಲ್ಲಿ ಮಾನ ಹೋಗುತ್ತೆ, ಮಾತಾಡಿ ಮುಗಿಸೋಣ" ಎಂದು ಹಿರಿಯರು ಬರುತ್ತಾರೆ. ರಾಜಿಗೆ ಅಲ್ಲಿ ಜಾಗವಿಲ್ಲ. ಮಗುವಿಗೆ ಧೈರ್ಯ ಬರಲು ಇದನ್ನು ತಿಳಿಸಿ: ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಹೇಳಿಕೆ ಕೊಡಬಹುದು.

ಪ್ರತಿ ಭೇಟಿಯಾದ ಹತ್ತು ನಿಮಿಷದೊಳಗೆ ದಿನಾಂಕ, ಹೊತ್ತು, ಯಾರಿದ್ದರು, ಏನು ನಿರ್ಧಾರ ಎಂದು ಹತ್ತು ಸಾಲು ಬರೆಯಿರಿ. "ತಂದೆ ಒರಟ" ಅಂತ ಬರೆಯಬೇಡಿ, "ತಂದೆ ಮೇಜು ಗುದ್ದಿದರು" ಅಂತ ಬರೆಯಿರಿ. ಪುಸ್ತಕ ಬೀಗದ ಕಪಾಟಿನಲ್ಲಿರಲಿ, ವಾಟ್ಸಾಪ್ ಗುಂಪಿನಲ್ಲಿ ಸುಳಿವೂ ಬೇಡ. ಇಲ್ಲಿ ಹೆಸರು ಬಿಟ್ಟು ಮನೆತನ ಹೇಳಿದರೂ ಯಾರೆಂದು ಊರಿಗೇ ಗೊತ್ತಾಗುತ್ತದೆ.

ಜೂನ್ ಬರುವ ಮೊದಲು ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಿ. ಮಳೆ ರಜೆ ಬಿದ್ದರೆ ಮೂರ್ನಾಲ್ಕು ದಿನ ಶಾಲೆಯಿಲ್ಲ, ಕರೆಂಟಿಲ್ಲ, ಟವರ್ ಇಲ್ಲ. ನಿಗಾದಲ್ಲಿರುವ ಮಗು ಅದೇ ಮನೆಯೊಳಗೆ ಸಿಕ್ಕಿಕೊಂಡಿರುತ್ತದೆ. ಅಂಥ ಪ್ರತಿ ಮಗುವಿಗೂ ಎರಡು ಬೇರೆ ಕಂಪನಿಯ ಮೊಬೈಲ್ ನಂಬರ್ ಮತ್ತು ನಡೆದು ತಲುಪಬಹುದಾದ, ಮಗು ತಾನೇ ಆರಿಸಿದ ಒಬ್ಬ ಹಿರಿಯರ ಹೆಸರು ನಿಮ್ಮ ಪುಸ್ತಕದಲ್ಲಿರಲಿ. ರಜೆ ಘೋಷಣೆಯಾದ ಸಂಜೆಯೇ, ನೆಟ್‌ವರ್ಕ್ ಇರುವಾಗಲೇ ಕರೆ ಮಾಡಿ.